ಕೆಳಮಿತಿಯ ಖಾನೆಯಲ್ಲಿ ಸೊನ್ನೆ

ಚಿ. ಪುಟ್ಟಿಗೆ,

ನಿನ್ನ ಕಾಗದ ತಲುಪಿತು. ಪೀಣ್ಯದಲ್ಲಿ ಕ್ವಾಲಿಟಿ ಕೆಲಸಕ್ಕೆ ಸೇರಿದೆ ಎಂದು ಓದಿ ನಿನ್ನ ದೊಡ್ಡಮ್ಮ ದೇವರ ಮುಂದೆ ತುಪ್ಪದ ದೀಪ ಹಚ್ಚಿದಳು. ನಾನಾದರೋ ಕೊನೆಯಲ್ಲಿ ನೀನು ಕೇಳಿದ ಪ್ರಶ್ನೆ ಹಿಡಿದು ಕೂತೆ. ಶಾಫ್ಟಿನ ರನ್‌ಔಟ್‌ಗೆ, ಅಂದರೆ ತಿರುಗುವಾಗಿನ ಓಲಾಟಕ್ಕೆ, ಡ್ರಾಯಿಂಗಿನಲ್ಲಿ ‘ಗರಿಷ್ಠ 20 ಮೈಕ್ರಾನ್’ ಎಂದು ಒಂದೇ ಮಿತಿ ಇದೆ, ಕಂಪ್ಯೂಟರಿನಲ್ಲಿ ಕೆಳಮಿತಿಯ ಖಾನೆಗೆ ಸೊನ್ನೆ ಹಾಕಲೇ ಎಂದಿದ್ದೀಯ.

ಹಾಕಬೇಡ ಮಗಳೇ. ನಾನು ಹಾಕಿದ್ದೆ.

ಆಗ ನನಗೆ ಇನ್ನೂ ನಿನ್ನ ವಯಸ್ಸು. ಗ್ರೈಂಡಿಂಗ್ ಸೆಕ್ಷನ್ನಿನ ರನ್‌ಔಟ್ ಲೆಕ್ಕ ನನ್ನ ಪಾಲಿಗೆ ಬಂತು. ಅಲ್ಲೂ ಮೇಲ್ಮಿತಿ 20. ಸರಾಸರಿ 10, ಹರಡಿಕೆಯ ಅಳತೆಯಾದ ಸಿಗ್ಮಾ 2. ಕೆಳಗೆ ಸೊನ್ನೆ ಬರೆದುಕೊಂಡರೆ ಎರಡೂ ಕಡೆಗೆ ಹತ್ತು ಮೈಕ್ರಾನ್ ಜಾಗ. ಮೂರು ಸಿಗ್ಮಾ, ಅಂದರೆ 6ರಿಂದ ಭಾಗಿಸಿದರೆ ಸಾಮರ್ಥ್ಯದ ಸೂಚ್ಯಂಕ ಸಿಪಿಕೆ 1.67. ಹಾಳೆ ನೋಡಿ ಎಲ್ಲರಿಗೂ ಖುಷಿ. ಆ ಮೆಷಿನ್ನಿನ ಆಪರೇಟರು ಹಿರಿಯರು. ಶಾಫ್ಟನ್ನು ಸೆಂಟರುಗಳ ನಡುವೆ ಕೂರಿಸುವ ಮುಂಚೆ ತುದಿಯ ಸೆಂಟರ್ ಹೋಲನ್ನು ಬಟ್ಟೆಯಲ್ಲಿ ಒರೆಸಿ, ಬೆರಳು ಆಡಿಸಿ ನೋಡುವವರು. ಸವೆದ ಸೆಂಟರನ್ನು ಹಟ ಹಿಡಿದು ಬದಲಾಯಿಸಿದರು, ಹೋಲುಗಳನ್ನು ಲ್ಯಾಪ್ ಮಾಡಿದರು. ಆಮೇಲೆ ಡಯಲಿನ ಮುಳ್ಳು ಅಲ್ಲಾಡಿದರೆ ಅಲ್ಲಾಡಿತು, ಇಲ್ಲದಿದ್ದರೆ ಇಲ್ಲ. ಸರಾಸರಿ 5ಕ್ಕೆ ಇಳಿಯಿತು, ಸಿಗ್ಮಾ 1.5ಕ್ಕೆ.

ನನ್ನ ಹಾಳೆ ಏನು ಹೇಳಿತು ಗೊತ್ತೇ? ಸೊನ್ನೆಯ ಕಡೆ ಉಳಿದದ್ದು 5 ಮೈಕ್ರಾನ್, ಅದನ್ನು 4.5ರಿಂದ ಭಾಗಿಸಿದರೆ 1.11. ಎರಡು ಕಡೆಯಲ್ಲಿ ಕಡಿಮೆ ಬಂದದ್ದೇ ಸಿಪಿಕೆ. ಬೆಳಗಿನ ಮೀಟಿಂಗಿನಲ್ಲಿ ಆ ಆಪರೇಟರಿಗೆ ಬೈಗುಳ ಬಿತ್ತು. ಮಧ್ಯಾಹ್ನ ನನ್ನ ಟೇಬಲ್ಲಿನ ಹತ್ತಿರ ಬಂದು, ‘ಸಾರ್, ಶಾಫ್ಟು ನೆಟ್ಟಗೆ ತಿರುಗಿದರೆ ತಪ್ಪಾ?’ ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಸರಿಯಾದ ಲೆಕ್ಕ ಮೇಲ್ಮಿತಿಯದು ಮಾತ್ರ: 20ರಲ್ಲಿ 5 ಕಳೆದರೆ 15, ಅದನ್ನು 4.5ರಿಂದ ಭಾಗಿಸಿದರೆ 3.33. ಅವರ ಕೆಲಸ ಮೊದಲಿದ್ದದ್ದಕ್ಕಿಂತ ಎರಡು ಪಟ್ಟು ಉತ್ತಮವಾಗಿತ್ತು.

ರನ್‌ಔಟ್ ಸೊನ್ನೆಗಿಂತ ಕೆಳಗೆ ಹೋಗಲಾರದು, ನಿಜ. ಆದರೆ ಸೊನ್ನೆ ತೋರಿಸಿದ ಶಾಫ್ಟನ್ನು ಯಾವ ಗಿರಾಕಿಯೂ ವಾಪಸ್ ಕಳಿಸುವುದಿಲ್ಲ. ಯಾರೂ ಬೇಡವೆನ್ನದ ಕಡೆ ಮಿತಿ ಬರೆಯುವ ಹಕ್ಕು ನಮಗಿಲ್ಲ. ಮಿತಿಗಳ ನಡುವಿನ ಅಗಲದ ಮೇಲೆ ನಿಂತ ಸಿಪಿ ಎಂಬುದೂ ಎರಡು ಮಿತಿಯಿಲ್ಲದೆ ಇಲ್ಲ. ಆಡಿಟರ್ ಕೇಳಿದರೆ ಹಾಗೆಂದೇ ಹೇಳು.

ಕೆಳಮಿತಿ ಒಂದೇ ಇದ್ದಾಗಲೂ ಇದೇ ನ್ಯಾಯ. ಟೋನ್ಡ್ ಹಾಲಿನಲ್ಲಿ ಜಿಡ್ಡು ಕನಿಷ್ಠ 3% ಇರಬೇಕು. ಸರಾಸರಿಯಿಂದ 3 ಕಳೆದು ಮೂರು ಸಿಗ್ಮಾದಿಂದ ಭಾಗಿಸಿದರೆ ಮುಗಿಯಿತು. ಹೆಚ್ಚು ಜಿಡ್ಡು ಹೋದರೆ ಡೇರಿಗೆ ನಷ್ಟ, ಆದರೆ ಅದು ಖರ್ಚಿನ ಮಾತು.

ಇನ್ನೊಂದು ವಿಷಯ ಸ್ವಲ್ಪ ಸೂಕ್ಷ್ಮ. ರನ್‌ಔಟ್, ಫ್ಲಾಟ್‌ನೆಸ್ಸಿನಂಥ ಅಳತೆಗಳು ಹಲವು ಸಲ ಸೊನ್ನೆಯ ಪಕ್ಕದಲ್ಲಿ ಗುಂಪುಗೂಡಿ ಬಲಕ್ಕೆ ಉದ್ದ ಬಾಲ ಬಿಡುತ್ತವೆ. ಮೇಲ್ಮಿತಿ ಇರುವುದೂ ಆ ಬಾಲದ ಕಡೆಗೇ. ಗಂಟೆಯಾಕಾರದ ವಕ್ರರೇಖೆ ಎಂದು ನಂಬಿ ಸಿಗ್ಮಾ ಹಾಕಿದರೆ ಇಲ್ಲದ ಸಾಮರ್ಥ್ಯ ಇದೆಯೆಂದು ತೋರುತ್ತದೆ. ಆಗ ಅಳತೆಗಳಿಗೆ ಹೊಂದುವ ವೈಬುಲ್‌ನಂಥ ವಕ್ರರೇಖೆ ಆರಿಸಿಕೋ. ಸರಾಸರಿಯ ಬದಲು ಮಧ್ಯಾಂಕ ಹಿಡಿ. ಮೂರು ಸಿಗ್ಮಾದ ಬದಲು, ಮಧ್ಯಾಂಕದಿಂದ 99.865% ಶಾಫ್ಟುಗಳು ಒಳಗೆ ಬೀಳುವ ಅಳತೆಯವರೆಗಿನ ದೂರ ಹಿಡಿ. ಇದಕ್ಕೆಲ್ಲ ಮುಂಚೆ ಕಂಟ್ರೋಲ್ ಚಾರ್ಟ್ ನೋಡು. ಪ್ರಕ್ರಿಯೆ ಸ್ಥಿರವಾಗಿಲ್ಲದಿದ್ದರೆ ಯಾವ ಸಂಖ್ಯೆಯೂ ಕೆಲಸಕ್ಕೆ ಬಾರದು.

ಸೂಚ್ಯಂಕ ಎಷ್ಟಿದ್ದರೆ ಸಾಕು ಎಂದೂ ಕೇಳಿದ್ದೀಯ. ಚಾಲ್ತಿಯಲ್ಲಿರುವ ಪ್ರಕ್ರಿಯೆಗೆ ಎರಡು ಮಿತಿಯಿದ್ದರೆ 1.33, ಒಂದೇ ಇದ್ದರೆ 1.25 ಎಂದು ಡಗ್ಲಸ್ ಮಾಂಟ್‌ಗೊಮೆರಿ ಅವರ ಪಠ್ಯಪುಸ್ತಕ ಹೇಳುತ್ತದೆ. ತಪ್ಪು ಬೀಳುವ ಬಾಲ ಒಂದೇ ತಾನೇ. ಗಿರಾಕಿ 1.67 ಕೇಳಿದರೆ ಅವರ ಮಾತೇ ಅಂತಿಮ.

ಮುಂದಿನ ಕಾಗದದಲ್ಲಿ ನೂರು ಶಾಫ್ಟುಗಳ ರೀಡಿಂಗನ್ನು, ತೆಗೆದ ಕ್ರಮದಲ್ಲೇ, ಬರೆದು ಕಳಿಸು. ಡಯಲ್ ಹಿಡಿದವರು ಯಾರೆಂದೂ ಬರೆ. ಲೆಕ್ಕ ಮುಗಿದ ಮೇಲೆ ಹಾಳೆಯನ್ನು ಮೊದಲು ಅವರಿಗೆ ತೋರಿಸು, ಮ್ಯಾನೇಜರಿಗೆ ಆಮೇಲೆ.

ಇಂತಿ,
ನಿನ್ನ ದೊಡ್ಡಪ್ಪ