ನಾದಕ್ಕೆ ಸಿಗದ ಹೆಸರು

1956ರ ‘ಫರ್ಬಿಡನ್ ಪ್ಲಾನೆಟ್’ ಎಂಬ ಅಮೆರಿಕನ್ ಚಲನಚಿತ್ರದ ಹಿನ್ನೆಲೆ ಧ್ವನಿಯೆಲ್ಲವೂ ವಿದ್ಯುನ್ಮಾನ ಉಪಕರಣಗಳಿಂದಲೇ ಹುಟ್ಟಿದ್ದು. ಪ್ರಮುಖ ಚಿತ್ರಗಳಲ್ಲಿ ಅದು ಈ ಬಗೆಯ ಮೊದಲನೆಯ ಪ್ರಯೋಗ. ಅದರ ಕರ್ತೃಗಳು ಲೂಯಿ ಬ್ಯಾರನ್ (1920–1989) ಮತ್ತು ಬೀಬಿ ಬ್ಯಾರನ್ (1925–2008) ದಂಪತಿಗಳು.

ಲೂಯಿ ವಿದ್ಯುನ್ಮಂಡಲಗಳನ್ನು ಕಟ್ಟಿ, ಅವು ತಾಳಲಾರದಷ್ಟು ವಿದ್ಯುತ್ತನ್ನು ಹರಿಸುತ್ತಿದ್ದರು. ಮಂಡಲವು ನರಳಿ, ಚೀರಿ, ಕೊನೆಗೆ ಸುಟ್ಟುಹೋಗುತ್ತಿತ್ತು. ಆ ದನಿ ಮತ್ತೆ ಹುಟ್ಟುತ್ತಿರಲಿಲ್ಲ. ಮುದ್ರಿಸಿಕೊಂಡ ಸುರುಳಿಗಳನ್ನು ತಾಸುಗಟ್ಟಲೆ ಆಲಿಸಿ, ಭಾವಕ್ಕೊಪ್ಪುವ ತುಣುಕುಗಳನ್ನು ಆಯುವ ಹೊಣೆ ಬೀಬಿಯವರದಾಗಿತ್ತು.

ಆದರೆ ಚಿತ್ರದ ಶೀರ್ಷಿಕೆಯಲ್ಲಿ ಅವರ ಕೃತಿಗೆ ‘ಸಂಗೀತ’ವೆಂಬ ಹೆಸರಿಲ್ಲ, ‘ಎಲೆಕ್ಟ್ರಾನಿಕ್ ಟೊನಾಲಿಟೀಸ್’ ಎಂದಿದೆ. ದಂಪತಿಗಳು ಸಂಗೀತಗಾರರ ಒಕ್ಕೂಟದ ಸದಸ್ಯರಾಗಿರಲಿಲ್ಲ. ಒಕ್ಕೂಟದ ತಕರಾರಿಗೆ ಅಂಜಿ ನಿರ್ಮಾಣ ಸಂಸ್ಥೆ ಆ ಪದವನ್ನೇ ಕೈಬಿಟ್ಟಿತು.

13ನೆಯ ಶತಮಾನದಲ್ಲಿ ದೇವಗಿರಿಯ ಸೇವುಣರ ಆಶ್ರಯದಲ್ಲಿ ‘ಸಂಗೀತರತ್ನಾಕರ’ವನ್ನು ರಚಿಸಿದ ಶಾರ್ಙ್ಗದೇವನು ಗೀತ, ವಾದ್ಯ, ನೃತ್ತ ಮೂರಕ್ಕೂ ನಾದವೇ ಆಧಾರವೆನ್ನುತ್ತಾನೆ. ಆ ದೃಷ್ಟಿಯಿಂದ ಬ್ಯಾರನ್ ದಂಪತಿಗಳ ನಾದವನ್ನು ಸಂಗೀತದಿಂದ ಹೊರಗಿಡಲು ಕಾರಣ ಕಾಣದು. ಪದದ ಅರ್ಥವನ್ನು ನಿಘಂಟು ಹೇಳುತ್ತದೆ. ಅದು ಯಾರಿಗೆ ಸಲ್ಲಬೇಕೆಂಬುದನ್ನು ಹಲವೊಮ್ಮೆ ಅಧಿಕಾರ ನಿರ್ಧರಿಸುತ್ತದೆ. ತತ್ವಪದ, ಲಾವಣಿಗಳನ್ನು ‘ಕಾವ್ಯ’ವೆನ್ನಲು ಹಿಂಜರಿಯುವವರ ಮುಂದೆಯೂ ವಿದ್ಯಾರ್ಥಿಗಳು ಇದೇ ಪ್ರಶ್ನೆಯನ್ನಿಡಬೇಕು.