ಫೋಟೋ ತೆಗೆದಾಗ ಡ್ರೋನ್ ಎಲ್ಲಿತ್ತು?

ಸ್ವಾಮಿತ್ವ ಯೋಜನೆ ಶುರುವಾದದ್ದು 2020ರ ಏಪ್ರಿಲ್ 24ರಂದು. ಸರ್ವೇ ಆಫ್ ಇಂಡಿಯಾ ಡ್ರೋನ್ ಹಾರಿಸಿ ಗ್ರಾಮಠಾಣಾ ಜಾಗ ಅಳೆಯುತ್ತದೆ, ಆಮೇಲೆ ಮನೆಯವರಿಗೆ ಆಸ್ತಿ ಕಾರ್ಡ್ ಸಿಗುತ್ತದೆ. ಹೊಲ ಇದರಲ್ಲಿ ಸೇರಿಲ್ಲ. ಹಾರಾಟಕ್ಕೆ ಮೊದಲು ಜಾಗದ ಸುತ್ತ ಸುಣ್ಣದ ಗೆರೆ ಹಾಕಬೇಕು. ಗೆರೆಯೇನೋ ಫೋಟೋದಲ್ಲಿ ಬಂತು. ಆದರೆ ಆ ಫೋಟೋ ಆಕಾಶದ ಯಾವ ಜಾಗದಿಂದ ತೆಗೆದದ್ದು ಅಂತ ಅವರಿಗೆ ಹ್ಯಾಗೆ ಗೊತ್ತಾಗ್ತದೆ?

ಇದು ಸಣ್ಣ ಪ್ರಶ್ನೆಯಲ್ಲ. ಹೊಲದ ಲೆಕ್ಕದಲ್ಲೇ ಹೇಳುವುದಾದರೆ, 100 ಮೀಟರ್ ಉದ್ದದ ಬದು ನಕ್ಷೆಯಲ್ಲಿ ಒಂದು ಮೀಟರ್ ಸರಿದರೆ ಹೆಚ್ಚುಕಡಿಮೆ ಒಂದು ಗುಂಟೆ ಹೋಯಿತು!

ಪ್ರತಿ ಫೋಟೋಕ್ಕೂ ಆರು ಅಂಕಿ ಬೇಕು. ಮೂರು ಅಂಕಿ ಕ್ಯಾಮೆರಾ ಇದ್ದ ಜಾಗಕ್ಕೆ: ಪೂರ್ವ-ಪಶ್ಚಿಮ, ಉತ್ತರ-ದಕ್ಷಿಣ, ಎತ್ತರ. ಇನ್ನು ಮೂರು ಅದರ ವಾಲಿಕೆಗೆ: ಎಡಬಲಕ್ಕೆ ಎಷ್ಟು ವಾಲಿತ್ತು, ಹಿಂದೆಮುಂದೆ ಎಷ್ಟು ಬಾಗಿತ್ತು, ಯಾವ ದಿಕ್ಕಿಗೆ ತಿರುಗಿತ್ತು. ವಾಲಿಕೆಯನ್ನು ಹಗುರವಾಗಿ ತಿಳಿಯಬೇಡಿ. 100 ಮೀಟರ್ ಎತ್ತರದಲ್ಲಿ ಒಂದೇ ಡಿಗ್ರಿ ತಪ್ಪಿದರೂ ನೆಲದ ಮೇಲೆ ಸುಮಾರು 1.75 ಮೀಟರ್ ತಪ್ಪುತ್ತದೆ.

ಡ್ರೋನಿನಲ್ಲಿ ಜಿಪಿಎಸ್ ಇದೆಯಲ್ಲ ಅನ್ನಬಹುದು. ಮೊಬೈಲಿನಂಥ ಸಾಮಾನ್ಯ ಜಿಪಿಎಸ್ ಕೆಲವು ಮೀಟರ್ ತಪ್ಪು ಹೇಳುತ್ತದೆ. ನೆಲದ ಮೇಲೆ ಗೊತ್ತಿರುವ ಜಾಗದಲ್ಲಿ ಇನ್ನೊಂದು ಯಂತ್ರ ನಿಲ್ಲಿಸಿ ತಪ್ಪು ತಿದ್ದಿಕೊಂಡರೆ ಅದು ಕೆಲವೇ ಸೆಂಟಿಮೀಟರಿಗೆ ಇಳಿಯುತ್ತದೆ. ಸರ್ವೇ ಆಫ್ ಇಂಡಿಯಾ ಇದಕ್ಕೆಂದೇ 'ಕಾರ್ಸ್' ಎಂಬ ಕಾಯಂ ಕೇಂದ್ರಗಳ ಜಾಲ ಹಾಕಿದೆ. ವಾಲಿಕೆಯನ್ನು ಡ್ರೋನಿನ ಒಳಗಿನ ಯಂತ್ರ ಅಳೆಯುತ್ತದಾದರೂ ಅದು ಅಂದಾಜು ಅಷ್ಟೇ.

ಉಳಿದದ್ದನ್ನು ಫೋಟೋಗಳಿಂದಲೇ ಹುಡುಕಬೇಕು. ಮಾನ್ವಿ ಕಡೆಯ ಹೊಲದಲ್ಲಿ ನಿಂತಿದ್ದೀರಿ ಅನ್ನಿ. ಒಂದು ಕಡೆ ಗುಡಿಯ ಗೋಪುರ, ಇನ್ನೊಂದು ಕಡೆ ನೀರಿನ ಟ್ಯಾಂಕು, ಮತ್ತೊಂದು ಕಡೆ ಒಂಟಿ ಬೇವಿನ ಮರ. ಮೂರರ ಜಾಗ ನಕ್ಷೆಯಲ್ಲಿದ್ದರೆ, ಅವುಗಳ ನಡುವಿನ ಕೋನ ನೋಡಿಯೇ ನೀವು ನಿಂತ ಜಾಗ ಹೇಳಬಹುದು. ಹಳೆಯ ಪ್ಲೇನ್‌ಟೇಬಲ್ ಸರ್ವೇಯರು ಮಾಡುತ್ತಿದ್ದುದೂ ಇದನ್ನೇ. ಡ್ರೋನಿನ ಕ್ಯಾಮೆರಾ ಮೇಲಿನಿಂದ ಕೆಳಗೆ ನೋಡುತ್ತದೆ, ಅಷ್ಟೇ ವ್ಯತ್ಯಾಸ.

ರಾಯಚೂರಿನ ಕೋಟೆ ಗುಡ್ಡ ಹತ್ತಿರದಿಂದ ಒಂದು ಥರ, ಊರಾಚೆಯಿಂದ ಇನ್ನೊಂದು ಥರ ಕಾಣುತ್ತದೆ. ಗುಡ್ಡ ಮಾತ್ರ ಒಂದೇ. ಹಾಗೆಯೇ ಒಂದೇ ಮನೆಯ ಮೂಲೆ ಹಲವು ಫೋಟೋಗಳಲ್ಲಿ ಸಿಗಬೇಕು. ಅದಕ್ಕಾಗಿ ಒಂದು ಫೋಟೋ ಮುಂದಿನದರ ಮೇಲೆ ನೂರಕ್ಕೆ 70-80 ಪಾಲು ಬೀಳುವಂತೆ ಹಾರಿಸುತ್ತಾರೆ. ಪ್ರತಿ ಫೋಟೋದಿಂದ ಆ ಮೂಲೆಗೆ ಒಂದೊಂದು ದಾರ ಎಳೆದಂತೆ ಊಹಿಸಿಕೊಳ್ಳಿ. ದಾರಗಳೆಲ್ಲ ಒಂದೇ ಕಡೆ ಕೂಡಬೇಕು. ಕೂಡದಿದ್ದರೆ ಕಂಪ್ಯೂಟರು ಕ್ಯಾಮೆರಾಗಳನ್ನು ಚೂರು ಸರಿಸಿ, ಚೂರು ತಿರುಗಿಸಿ ಮತ್ತೆ ನೋಡುತ್ತದೆ. ಇಂಥ ಸಾವಿರಾರು ಮೂಲೆಗಳ ದಾರ ಒಟ್ಟಿಗೆ ಹೊಂದುವ ತನಕ ಬಿಡುವುದಿಲ್ಲ. ಇದಕ್ಕೆ 'ಬಂಡಲ್ ಅಡ್ಜಸ್ಟ್‌ಮೆಂಟ್' ಎಂದು ಹೆಸರು.

ಇಷ್ಟಾದರೂ ಸಿಕ್ಕಿದ್ದು ಊರಿನ ಆಕಾರ ಮಾತ್ರ. ಅದು ಎಷ್ಟು ದೊಡ್ಡದು, ಭೂಮಿಯ ಮೇಲೆ ಎಲ್ಲಿ ಕೂರಬೇಕು ಎಂಬುದನ್ನು ಜಿಪಿಎಸ್ಸೋ ನೆಲದ ಗುರುತುಗಳೋ ಹೇಳಬೇಕು. ಸರ್ವೇದವರು ನೆಲಕ್ಕೆ ಹಾಕಿದ ಗುರುತನ್ನು ಮಕ್ಕಳು, ದನಕರು ಕದಲಿಸದಂತೆ ನೋಡಿಕೊಳ್ಳಬೇಕಾದ್ದು ಇದಕ್ಕೇ.

ನಿಮ್ಮ ಹೊಲವನ್ನೇ ಯಾರಿಂದಲಾದರೂ ಅಳೆಸುವುದಾದರೆ ಸಮಯ ನೋಡಿ. ತುಂಗಭದ್ರಾ ಎಡದಂಡೆ ಕಾಲುವೆಯ ಕಡೆ ಭತ್ತ ನಿಂತಾಗ ಎಲ್ಲೆಲ್ಲೂ ಒಂದೇ ಹಸಿರು. ಗಾಳಿಗೆ ಪೈರು ಅಲ್ಲಾಡುತ್ತದೆ, ನಿಂತ ನೀರು ಹೊಳೆಯುತ್ತದೆ. ಎರಡು ಫೋಟೋಗಳಲ್ಲಿ ಒಂದೇ ಬಿಂದುವನ್ನು ಗುರುತಿಸುವುದು ಆಗ ಕಷ್ಟ. ದೇವದುರ್ಗದ ಎರೆ ಹೊಲ ಹರಗಿ ಸಮ ಮಾಡಿದಾಗಲೂ ಅದೇ ತೊಂದರೆ. ಕೊಯ್ಲಾದ ಮೇಲೆ, ಕೂಳೆ ಇರುವಾಗ ಹಾರಿಸುವುದು ಮೇಲು.

ಅಳೆದವರನ್ನು ಒಂದು ಮಾತು ಕೇಳಿ: "ಪರೀಕ್ಷೆಗೆ ಬಿಟ್ಟ ಗುರುತುಗಳಲ್ಲಿ ಎಷ್ಟು ತಪ್ಪು ಬಂತ್ರೀ?" ಕೆಲವು ಗುರುತುಗಳ ಅಳತೆಯನ್ನು ಕಂಪ್ಯೂಟರಿಗೆ ಕೊಡದೆ ಇಟ್ಟುಕೊಂಡು, ಕೊನೆಗೆ ಅದರ ಉತ್ತರಕ್ಕೆ ತಾಳೆ ನೋಡುವ ಪದ್ಧತಿ ಇದೆ. ಆ ಅಂಕಿ ಹೇಳಲಾಗದವರ ನಕ್ಷೆಯನ್ನು ನಂಬಿ ನಾನಾದರೆ ಬಾಂದು ಕಲ್ಲು ನೆಡಲಾರೆ.

ಗ್ರಾಮಠಾಣಾದ ಕರಡು ನಕ್ಷೆ ಬಂದಾಗ ಮರದ ಕೆಳಗಿನ ಮೂಲೆಗಳನ್ನು ಮೊದಲು ನೋಡಿ. ಎಲೆಯ ಕೆಳಗಿನ ಸುಣ್ಣದ ಗೆರೆ ಕ್ಯಾಮೆರಾಕ್ಕೆ ಕಾಣದು. ಅಲ್ಲಿ ಟೇಪು ಹಿಡಿದೇ ಅಳೆಯಬೇಕು.