ಸಹಿ ನನ್ನದಲ್ಲ ಎಂದಾಗ: ವಿವಾದಿತ ದಾಖಲೆ ಮತ್ತು ನ್ಯಾಯಾಲಯದ ವಿವೇಚನೆ

ಜಮಖಂಡಿ, ಮುಧೋಳ, ಬೀಳಗಿಯ ಕಬ್ಬಿನ ಜಮೀನಿನ ಕರಾರಿರಲಿ, ರಬಕವಿ-ಬನಹಟ್ಟಿಯ ನೇಕಾರರ ಕೈಸಾಲದ ಪತ್ರವಿರಲಿ, ಪ್ರತಿವಾದಿ ‘ಈ ಸಹಿ ನನ್ನದಲ್ಲ’ ಎಂದರೆ ದಾವೆಯ ದಿಕ್ಕೇ ಬದಲಾಗುತ್ತದೆ. ದಾಖಲೆಯನ್ನು ತಜ್ಞರಿಗೆ ಕಳಿಸಿ ಎಂಬ ಅರ್ಜಿ ಬರುತ್ತದೆ. ಕಳಿಸಲೇಬೇಕೆ?

ಬೇಕಿಲ್ಲ. ಅದು ನ್ಯಾಯಾಲಯದ ವಿವೇಚನೆ.

ಸಿವಿಲ್ ಪ್ರಕ್ರಿಯಾ ಸಂಹಿತೆಯ 26ನೇ ಆದೇಶದ 10ಎ ನಿಯಮ (1976ರ ತಿದ್ದುಪಡಿ) ವೈಜ್ಞಾನಿಕ ತನಿಖೆಗೆ ಕಮಿಷನರ್ ನೇಮಿಸಲು ಅವಕಾಶ ಕೊಡುತ್ತದೆ. ನ್ಯಾಯದ ಹಿತಕ್ಕೆ ಅಗತ್ಯವೆಂದು ನ್ಯಾಯಾಧೀಶರಿಗೆ ಅನ್ನಿಸಬೇಕು. ತಜ್ಞರ ಅಭಿಪ್ರಾಯ ಹಳೆಯ ಸಾಕ್ಷ್ಯ ಅಧಿನಿಯಮದಲ್ಲಿ ಕಲಂ 45, ನ್ಯಾಯಾಲಯವೇ ಹೋಲಿಸಿ ನೋಡುವ ಅಧಿಕಾರ ಕಲಂ 73. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಇವು ಕಲಂ 39 ಮತ್ತು 72.

ವಿವೇಚನೆ ಎಂದರೆ ಮನಬಂದಂತೆ ಎಂದಲ್ಲ. ತಿರುವೆಂಗಡಂ ಪಿಳ್ಳೈ ಪ್ರಕರಣದಲ್ಲಿ (2008) ಸುಪ್ರೀಂ ಕೋರ್ಟ್, ಮಸುಕಾದ ಹೆಬ್ಬೆಟ್ಟಿನ ಗುರುತನ್ನು ಮೇಲ್ನೋಟಕ್ಕೆ ನೋಡಿ ನ್ಯಾಯಾಧೀಶರು ಊಹೆಗಿಳಿಯಬಾರದು ಎಂದಿತು. ದಾಖಲೆ ಸಾಬೀತುಪಡಿಸುವ ಹೊಣೆ ಅದನ್ನು ಹಾಜರುಪಡಿಸಿದ ವಾದಿಯದೇ ಎಂದೂ ಸ್ಪಷ್ಟಪಡಿಸಿತು. ಓದುಬರಹ ಬಾರದ ರೈತರ ಪಾಲಿಗೆ ಇದು ದೊಡ್ಡ ರಕ್ಷಣೆ. ಇನ್ನು ಮುರಾರಿ ಲಾಲ್ ತೀರ್ಪು (1980) ಕೈಬರಹ ತಜ್ಞರ ಮಾತನ್ನು ಎಚ್ಚರದಿಂದ ತೂಗಬೇಕೆನ್ನುತ್ತದೆ; ಆದರೆ ಬೇರೆ ಪುರಾವೆಯ ಬೆಂಬಲ ಕಡ್ಡಾಯವಲ್ಲ.

ಹೋಲಿಕೆಗೆ ಒಪ್ಪಿತ ಸಹಿ ಬೇಕು, ಅದೂ ವಿವಾದಿತ ದಾಖಲೆಯ ಆಸುಪಾಸಿನ ಕಾಲದ್ದಾದರೆ ಉತ್ತಮ. ದಾವೆ ಹೂಡಿದ ಮೇಲೆ ವಕಾಲತ್ತಿಗೆ ಹಾಕಿದ ಸಹಿಯನ್ನು ನಂಬುವುದು ಕಷ್ಟ, ಬೇಕೆಂದೇ ಬದಲಿಸಿರಬಹುದು.

ಬಾಗಲಕೋಟೆ ಜಿಲ್ಲೆಯ ಈ ತಾಲ್ಲೂಕುಗಳು ಹೈಕೋರ್ಟಿನ ಧಾರವಾಡ ಪೀಠದ ವ್ಯಾಪ್ತಿಗೆ ಸೇರುತ್ತವೆ. ಅರ್ಜಿ ತಿರಸ್ಕೃತವಾದರೆ ಸಂವಿಧಾನದ 227ನೇ ವಿಧಿಯಡಿ ಅಲ್ಲಿ ಪ್ರಶ್ನಿಸಬಹುದು.